ದೂರು ಬಾರದ ದಿನಗಳು

ಮಾರ್ಚ್ 3, ಸೋಮವಾರ

ಹಲ್ಲುಜ್ಜುವ ಮೊದಲೇ ದೂರಿನ ಪುಟ ತೆರೆದು ನೋಡುವ ತಪ್ಪನ್ನು ಇವತ್ತು ಮತ್ತೆ ಮಾಡಿದೆ. ಮೊದಲನೆಯ ದೂರು: 'ಇದನ್ನು ಬರೆದವರ ಮನೆಯಲ್ಲಿ ಪಾತ್ರೆಗಳೇ ಇಲ್ಲವೆ?' ಎರಡನೆಯದು: 'ದರಿದ್ರ ಆ್ಯಪ್. ಕಿತ್ತು ಬಿಸಾಕಿದೆ.' ಮೂರನೆಯದನ್ನು ಓದಲಿಲ್ಲ. ಫೋನನ್ನು ಮಗುಚಿಟ್ಟು ಬಚ್ಚಲಿಗೆ ಹೋದೆ. ಪೇಸ್ಟ್ ಹಾಕಲು ಮರೆತು ಬರೀ ಬ್ರಷ್ಷಿನಲ್ಲೇ ಹಲ್ಲುಜ್ಜಿ ಮುಗಿಸಿದೆ.

ಯಾಕೆ ಇಷ್ಟು ಹೆದರುತ್ತೇನೆ ಎಂದು ಬರೆದಿಟ್ಟುಕೊಂಡರೆ ಕಡಿಮೆಯಾಗಬಹುದು. ಎರಡು ವರ್ಷದ ಹಿಂದೆ ದೊಡ್ಡಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ದನಿ ಇಳಿಯಿತು. ಅವಳು ಹಿಂದಿನ ಕೋಣೆಯಲ್ಲಿ, ನನ್ನ ತಮ್ಮನ ಹೊಲಿಗೆ ಅಂಗಡಿ ಮುಂದಿನ ಕೋಣೆಯಲ್ಲಿ. ಮಿಷನ್ ಓಡುತ್ತಿದ್ದರೆ ಅವಳು ಕರೆದದ್ದು ಅವನಿಗೆ ಕೇಳುವುದಿಲ್ಲ. ನಾನು ಹಗಲೆಲ್ಲ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ. ಅಲ್ಲಿಯ ಯಂತ್ರಗಳ ಜೊತೆ ಗುದ್ದಾಡುತ್ತ ಕಲಿತಿದ್ದ ಅಷ್ಟಿಷ್ಟು ಕೋಡಿನಲ್ಲಿ 'ಠಣ್' ಎಂಬ ಆ್ಯಪ್ ಬರೆದೆ. ಹಾಸಿಗೆಯ ಪಕ್ಕ ಹಳೆಯ ಫೋನೊಂದನ್ನು ಇಡಬೇಕು. ಮಲಗಿದವರು ಚಮಚದಿಂದ ಲೋಟಕ್ಕೆ ಮೂರು ಸಲ ಬಡಿದರೆ ಅದು ಗುರುತು ಹಿಡಿದು ಮನೆಯವರ ಜೇಬಿನ ಫೋನುಗಳನ್ನು ಹೊಡೆಸುತ್ತದೆ. ಅಷ್ಟೇ ಅದರ ಕೆಲಸ.

ಬೇರೆಯವರಿಗೂ ಆಗಲಿ ಎಂದು ಅದನ್ನು ಮುಕ್ತವಾಗಿ ಬಿಟ್ಟೆ. ಕಾಸಿಲ್ಲ, ಜಾಹೀರಾತಿಲ್ಲ. ಯಾರು ಬಳಸುತ್ತಾರೆ ಎಂಬ ವಿವರವನ್ನೂ ಅದು ಇಟ್ಟುಕೊಳ್ಳುವುದಿಲ್ಲ. ಅದು ನನ್ನ ಹೆಮ್ಮೆ. ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ದೂರಲೂಬಹುದು. ನೋಡಿ ತಿದ್ದಲು ಬಂದವನು ಒಬ್ಬನೇ. ತನ್ನ ಚಿತ್ರದ ಜಾಗದಲ್ಲಿ ಗೂಬೆಯನ್ನು ಹಾಕಿಕೊಂಡವನು, ಮುಖ ನಾನು ಕಂಡಿಲ್ಲ. ದೂರಲು ಮಾತ್ರ ಸಾಲು ನಿಂತಿದ್ದಾರೆ. ಕಳೆದ ತಿಂಗಳು ಯಾವುದೋ ಪತ್ರಿಕೆ ಠಣ್ ಬಗ್ಗೆ ನಾಲ್ಕು ಸಾಲು ಬರೆದಾಗಿನಿಂದ ಹೀಗೆ. ಬರೆದಿಟ್ಟದ್ದಾಯಿತು. ಕಡಿಮೆಯಾಗಿಲ್ಲ.

ಮಾರ್ಚ್ 6, ಗುರುವಾರ

ದೂರುವವರಲ್ಲಿ ಒಬ್ಬ ಮಾತ್ರ ದಿನವೂ ಬರುತ್ತಾನೆ. ಅವನ ಚಿತ್ರ ಒಂದು ಬೆಂಕಿಪೊಟ್ಟಣ. ಇವತ್ತು ಬರೆದದ್ದು:

'ಬೆಳಗಿನಿಂದ ಒಂಬತ್ತು ಸಲ ಹೊಡೆದುಕೊಂಡಿದೆ. ಒಂಬತ್ತೂ ಸುಳ್ಳು. ಒಮ್ಮೆ ಬೀಗದ ಕೈ ಗೊಂಚಲು, ಒಮ್ಮೆ ಪಕ್ಕದ ಮನೆಯ ಗೇಟು, ಒಮ್ಮೆ ನನ್ನ ಸೀನು. ಪುಕ್ಕಟೆ ಕೊಟ್ಟಿದ್ದೇನೆಂಬ ಜಂಬ ನಿಮಗೆ. ನಾಚಿಕೆಯಾಗಬೇಕು.'

ನನ್ನ ಮುಖ ನೋಡಿ ತಮ್ಮ ಫೋನು ಕಿತ್ತುಕೊಂಡು ಗಟ್ಟಿಯಾಗಿ ಓದಿದ. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ.

"ಸೀನಿದ್ದಕ್ಕೂ ಓಡಿ ಬರುತ್ತಾ? ಇಂಥಾ ಸೊಸೆ ಸಿಕ್ಕಿದ್ರೆ ಪುಣ್ಯ ಮಾಡಿದೀನಿ ಅನ್ಬೇಕು ಇವನು."

"ನಗಬೇಡ ಕಣೋ. ನಾಚಿಕೆಯಾಗಬೇಕು ಅಂತ ಬರ್ದಿದಾನೆ."

"ನನಗೆ ದಿನಾ ಹೇಳ್ತಾರೆ. ನಿನ್ನೆ ಒಬ್ರು ಪ್ಯಾಂಟನ್ನ ನನ್ನ ಮುಖಕ್ಕೇ ಎಸೆದ್ರು. ಸೊಂಟ ಬಿಚ್ಚಿ, ಹೊಲಿದು, ಇಸ್ತ್ರಿ ಹೊಡೆದು ಕೊಟ್ಟೆ. ಹೋಗ್ತಾ ಟೀ ಕುಡಿದೇ ಹೋದ್ರು."

"ನಿನಗೆ ಅವರ ಮುಖ ಕಾಣುತ್ತೆ. ನನಗೆ ಕಾಣಲ್ಲ."

ಅವನು ಸೂಜಿ ತೆಗೆದು ನನ್ನನ್ನೇ ನೋಡಿದ. "ಅಷ್ಟು ಹೆದ್ರಿಕೆ ಆದ್ರೆ ಮುಚ್ಚಿಬಿಡಕ್ಕಾ ಅಂಗಡೀನ."

ಮುಚ್ಚಲು ಆಗುವುದಿಲ್ಲ. ದೊಡ್ಡಮ್ಮನೂ ಅದನ್ನೇ ನಂಬಿ ಮಲಗಿದ್ದಾಳೆ.

ಮಾರ್ಚ್ 8, ಶನಿವಾರ

ಮಧ್ಯಾಹ್ನ ದೂರುಗಳನ್ನು ಓದುತ್ತ ಕೂತಿದ್ದಾಗಲೇ ಫೋನು ಹೊಡೆದುಕೊಂಡಿತು. ಬೆಚ್ಚಿಬಿದ್ದೆ. ನೋಡಿದರೆ ದೊಡ್ಡಮ್ಮನ ಕರೆ. "ಮತ್ತೇನು ದೊಡ್ಡಮ್ಮ?" ಎನ್ನುತ್ತಲೇ ಒಳಗೆ ಹೋದೆ. ದಿಂಬು ಜಾರಿತ್ತು. ಸರಿ ಮಾಡಿ ಹೊರಡುವಷ್ಟರಲ್ಲಿ ಕೂರು ಎಂದಳು.

ದೊಡ್ಡಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈಗ ಮಾತು ತುಂಡು ತುಂಡಾಗಿ ಬರುತ್ತದೆ. ತಮ್ಮ ಅವಳಿಗೆ ನನ್ನ ಕತೆ ಹೇಳಿರಬೇಕು.

"ನಮಗೂ ಬೈತಿದ್ರು. ಲೈನು ಸಿಗಲಿಲ್ಲ ಅಂತ. ತಡ ಆಯ್ತು ಅಂತ. ಕಿವಿ ತುಂಬಾ ಬೈಗುಳ. ಅದಕ್ಕೆಲ್ಲ ಯಾರೂ ತಲೆ ಎತ್ತುತಿರ್ಲಿಲ್ಲ. ಆದ್ರೆ ಕರೆ ಬರೋ ಬೋರ್ಡು ಸುಮ್ಮನಾಯ್ತು ಅಂದ್ರೆ..."

"ಹೂಂ," ಎಂದೆ. ಕಣ್ಣು ಫೋನಿನ ಮೇಲಿತ್ತು. ಬೆಂಕಿಪೊಟ್ಟಣ ಮತ್ತೆ ಬಂದಿದ್ದ.

"...ಸೂಪರ್‌ವೈಸರಮ್ಮ ಎದ್ದು ಓಡ್ತಿದ್ಲು. ಚಪ್ಪಲಿ ಕೂಡ ಹಾಕ್ತಿರ್ಲಿಲ್ಲ. ಎಲ್ಲೋ ಕೇಬಲ್ ಹೋಗಿದೆ ಅಂತ."

"ಹೂಂ ದೊಡ್ಡಮ್ಮ."

ಅವಳು ನನ್ನ ಫೋನಿನ ಕಡೆ ನೋಡಿ, ನಿನ್ನ ಕೆಲಸ ನೋಡು ಹೋಗು ಎಂದಳು.

ಮಾರ್ಚ್ 11, ಮಂಗಳವಾರ

ಬಸ್ಸಿನಲ್ಲಿ ಎದುರು ಸೀಟಿನವನು ಫೋನು ನೋಡಿ ಮುಖ ಸಿಂಡರಿಸಿ ಏನೋ ಜೋರಾಗಿ ಟೈಪ್ ಮಾಡುತ್ತಿದ್ದ. ಬೆಂಕಿಪೊಟ್ಟಣ ಇವನೇ ಇರಬಹುದೆ ಎನ್ನಿಸಿತು. ಎರಡು ನಿಲ್ದಾಣ ಮೊದಲೇ ಇಳಿದು ನಡೆದೆ.

ಮಾರ್ಚ್ 13, ಗುರುವಾರ

ಕ್ಲಿನಿಕ್ಕಿನಲ್ಲಿ ಇವತ್ತು ಒಬ್ಬ ನಿವೃತ್ತ ಮೇಷ್ಟ್ರು. ಸದ್ದು ಹೊಗದ ಪೆಟ್ಟಿಗೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಿ ಎಂದೆ. ಗಾಜಿನ ಈಚೆ ಕೂತು ಗುಂಡಿ ಒತ್ತಲು ಶುರು ಮಾಡಿದೆ. ನಾನು ಒತ್ತಿದಾಗಲೂ ಎತ್ತುತ್ತಾರೆ, ಒತ್ತದೆ ಕೂತಾಗಲೂ ಎತ್ತುತ್ತಾರೆ. ಕಿವುಡನೆಂದು ಬರೆದುಬಿಟ್ಟಾರು ಎಂಬ ಭಯ ಇರುವವರು ಹಾಗೆ ಮಾಡುವುದುಂಟು. ಇನ್ನು ಕೆಲವರು ತದ್ವಿರುದ್ಧ. ತಪ್ಪಾಗಿ ಎತ್ತಿದರೆ ನಗೆಪಾಟಲಾದೀತೆಂದು, ಖಚಿತವಾಗಿ ಕೇಳುವ ತನಕ ಕೈ ಕಟ್ಟಿ ಕೂರುತ್ತಾರೆ. ಇಬ್ಬರ ಕಿವಿಯ ನಕ್ಷೆಯೂ ಸುಳ್ಳೇ ಬರುತ್ತದೆ.

ನಡುವೆ ನನ್ನ ಫೋನು ಮೇಜಿನ ಮೇಲೆ ಗುರ್‌ಗುಟ್ಟಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೇಷ್ಟ್ರು ಗಾಜಿನಾಚೆಯಿಂದ ನನ್ನನ್ನು ನೋಡಿ ಮೆಲ್ಲಗೆ ಕೈ ಎತ್ತಿದರು.

ಆಮೇಲೆ ಹೊರಗೆ ಬಂದು ಕೇಳಿದರು: "ಮೇಡಂ, ಈಗ ನೀವು ಎದ್ರಲ್ಲ, ಅದು ನನಗೆ ಕೇಳಬೇಕಾಗಿದ್ದ ಸದ್ದಾ?"

ಮಾರ್ಚ್ 15, ಶನಿವಾರ

ಆ್ಯಪ್ ಅಂಗಡಿಯಲ್ಲಿ ಠಣ್‌ನ ಸ್ಟಾರುಗಳು ಅರ್ಧಕ್ಕರ್ಧ ಇಳಿದಿವೆ. ಬೆಂಕಿಪೊಟ್ಟಣ 'ಇದನ್ನು ನಿಷೇಧಿಸಬೇಕು' ಎಂದು ಬರೆದಿದ್ದಾನೆ. ಅದರ ಕೆಳಗೆ ಹೌದು ಹೌದು ಎಂದು ಎಷ್ಟೋ ಜನ.

ಇನ್ನು ಸಾಧ್ಯವಿಲ್ಲ. ಇಷ್ಟು ಜೋರಾಗಿ ಬಡಿದರೆ ಮಾತ್ರ ಕರೆ ಎಂದು ಎಣಿಸಬೇಕು ಎಂಬ ಒಂದು ಮಿತಿ ಕೋಡಿನಲ್ಲಿದೆ. ಅದನ್ನು ಏರಿಸಿದೆ. ಬೀಗದ ಕೈಗೂ ಗೇಟಿಗೂ ಈಗ ಅದು ಕಿವಿಗೊಡುವುದಿಲ್ಲ. ದೊಡ್ಡಮ್ಮನ ಬಡಿತದ ಧ್ವನಿಮುದ್ರಣಗಳು ಮೊದಲಿನಿಂದ ಇವೆ. ಪ್ರತಿ ಬದಲಾವಣೆಯನ್ನೂ ಅವುಗಳ ಮೇಲೇ ಪರೀಕ್ಷಿಸುವುದು. ಎಲ್ಲವನ್ನೂ ಸರಿಯಾಗಿ ಗುರುತಿಸಿತು.

ಒಬ್ಬರು ಬದಲಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು ಎಂದು ನನಗೂ ಗೂಬೆಗೂ ಕರಾರು. ಅವನಿಗೆ ಕಳಿಸಿದೆ. ಅವನು ಕೇಳಿದ: 'ಮಿತಿ ಬಹಳ ಏರಿತಲ್ಲ, ಮೇಡಂ? ನಿಧಾನವಾಗಿ ನೋಡ್ತೀನಿ, ಎರಡು ದಿನ ಕೊಡಿ. ಅವಸರ ಏನಿದೆ?'

ಅವಸರ ಏನಿದೆಯಂತೆ. ಬೈಸಿಕೊಳ್ಳುವವಳು ನಾನು.

ಮಾರ್ಚ್ 16, ಭಾನುವಾರ

ಗೂಬೆಗೆ ಕಾಯದೆ ಬಿಡುಗಡೆ ಮಾಡಿದೆ.

ಮಾರ್ಚ್ 19, ಬುಧವಾರ

ದೂರುಗಳು ನಿಂತವು. ಕಡಿಮೆಯಾದದ್ದಲ್ಲ, ನಲ್ಲಿ ಕಟ್ಟಿದ ಹಾಗೆ ನಿಂತವು. ಒಬ್ಬರು 'ಈಗ ಪರವಾಗಿಲ್ಲ' ಎಂದು ಬರೆದಿದ್ದಾರೆ. ಬೆಂಕಿಪೊಟ್ಟಣ ಕೂಡ ಒಂದೇ ಪದ ಬರೆದ: 'ಅಂತೂ.'

ಆ ಪದವನ್ನು ಎಷ್ಟು ಸಲ ಓದಿದೆನೋ. ರುಚಿಯಾಗಿ ಊಟ ಮಾಡಿ ಎಷ್ಟೋ ದಿನವಾಗಿತ್ತು, ಇವತ್ತು ಮಾಡಿದೆ. ಮನೆಯೂ ಶಾಂತವಾಗಿದೆ. ದೊಡ್ಡಮ್ಮ ಮೊದಲಿನ ಹಾಗೆ ಗಳಿಗೆಗೊಮ್ಮೆ ಕರೆಯುತ್ತಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿರಬೇಕು.

ಗೂಬೆ ಮಾತ್ರ ಮುನಿಸಿಕೊಂಡಿದ್ದಾನೆ. 'ಕರಾರು ಕರಾರೇ, ಮೇಡಂ,' ಎಂದಷ್ಟೇ ಬರೆದ. ಹೋಗಲಿ. ಮುಖ ಕಾಣದವನು.

ಮಾರ್ಚ್ 22, ಶನಿವಾರ

ಇಷ್ಟು ದಿನಕ್ಕೆ ಒಂದು ಸಂದೇಶ ಬಂತು. ಬೈಗುಳವೇ ಎಂದುಕೊಂಡು ತೆರೆದೆ. ಆದರೆ ಇದು ಬೇರೆ ಥರದ್ದು.

'ಕ್ಷಮಿಸಿ. ನಮ್ಮ ಯಜಮಾನರು ಹಾಸಿಗೆ ಹಿಡಿದು ಒಂದು ವರ್ಷ. ನಿಮ್ಮ ಠಣ್ ನಮಗೆ ಬಹಳ ಉಪಕಾರ ಮಾಡಿದೆ. ಹೊಸದು ಬಂದ ಮೇಲೆ ಅವರು ಕರೆದದ್ದು ಕೆಲವು ಸಲ ನನಗೆ ಮುಟ್ಟಲಿಲ್ಲ. ನಾನೇ ಏನೋ ತಪ್ಪು ಮಾಡಿರಬೇಕು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.'

ಎಂಥ ಸಭ್ಯ ಹೆಂಗಸು. ಕ್ಷಮಿಸಿ ಅಕ್ಕ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಫೋನಿನ ಮೈಕಿಗೆ ಬಟ್ಟೆ ಅಡ್ಡ ಬಂದಿರಬಹುದು, ಹತ್ತಿರ ಇಟ್ಟು ನೋಡಿ ಎಂದು ಉತ್ತರ ಬರೆದು, 'ಪರಿಹರಿಸಲಾಗಿದೆ' ಎಂದು ಗುರುತು ಹಾಕಿ ಮುಚ್ಚಿದೆ. ತೆರೆದಿಟ್ಟರೆ ನೋಡಿದವರೆಲ್ಲ ಮತ್ತೆ ಶುರು ಮಾಡಿಯಾರು.

ಮಿತಿಯಿಂದಲೇ ಹೀಗಾಗಿರಬಹುದೆ ಎಂಬ ಯೋಚನೆ ಬರಲಿಲ್ಲವೆಂದಲ್ಲ. ಬಂತು. ಪರೀಕ್ಷೆಯಲ್ಲಿ ಎಲ್ಲ ಸರಿ ಇತ್ತಲ್ಲ ಎಂದುಕೊಂಡೆ.

ಸಂಜೆ ತಮ್ಮ ಕೇಳಿದ: "ಅಕ್ಕಾ, ದೊಡ್ಡಮ್ಮ ಯಾಕೆ ಮಂಕಾಗಿದಾಳೆ? ನೀರು ಬೇಕಾ ಅಂದ್ರೂ ಬೇಡ ಅಂತಾಳೆ."

"ಸೆಕೆ ಅಲ್ವಾ," ಎಂದೆ.

ಮಾರ್ಚ್ 25, ಮಂಗಳವಾರ

ಕ್ಲಿನಿಕ್ಕಿನಿಂದ ಬೇಗ ಬಂದೆ. ತಮ್ಮನ ಮಿಷನ್ ಓಡುತ್ತಿತ್ತು. ಅವನ ಜೇಬಿನಲ್ಲಿ ಫೋನು, ನನ್ನ ಚೀಲದಲ್ಲಿ ಫೋನು, ಎರಡೂ ಸುಮ್ಮನಿದ್ದವು. ಹಿಂದಿನ ಕೋಣೆಯ ಬಾಗಿಲಿಗೆ ಬಂದಾಗ ಕಂಡೆ: ದೊಡ್ಡಮ್ಮ ಎಡಗೈಯಲ್ಲಿ ಚಮಚ ಹಿಡಿದು ಲೋಟಕ್ಕೆ ಬಡಿಯುತ್ತಿದ್ದಳು. ಟಕ್, ಟಕ್, ಟಕ್. ಹಳೆಯ ಫೋನು ಒಂದು ಗೇಣು ದೂರದಲ್ಲಿತ್ತು. ಅದರ ಪರದೆ ಕಪ್ಪಗೇ ಇತ್ತು. ಅವಳು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದಳು. ಹಾಸಿಗೆ ನೆನೆದು ಬಹಳ ಹೊತ್ತಾಗಿತ್ತು. ವಾಸನೆ ಬಾಗಿಲಿಗೇ ಬರುತ್ತಿತ್ತು.

ಬಟ್ಟೆ ಬದಲಿಸುವಾಗ ಅವಳು ಗೋಡೆಯ ಕಡೆ ಮುಖ ಮಾಡಿದ್ದಳು.

"ಎಷ್ಟು ಹೊತ್ತಿಂದ ಕರೀತಿದೀಯ ದೊಡ್ಡಮ್ಮ?"

"ಬಿಡು."

"ಮೊದಲೂ ಹೀಗಾಗಿತ್ತಾ?"

"ಒಂದು ವಾರ ಆಯ್ತು. ಕರೆದ್ರೆ ಬರ್ತಿರ್ಲಿಲ್ಲ. ಬೇಜಾರಾಗಿದೆ ಅನ್ಕೊಂಡೆ."

"ಯಾರಿಗೆ?"

"ನಿನಗೆ. ಬಂದಾಗೆಲ್ಲ ಮತ್ತೇನು ಮತ್ತೇನು ಅಂತಿದ್ದೆ. ಅದಕ್ಕೆ ಮೆತ್ತಗೆ ಬಡೀತಿದ್ದೆ. ನೀರು ಕುಡಿಯೋದೂ ಬಿಟ್ಟೆ. ಕುಡಿದ್ರೆ ಕರೀಬೇಕಾಗುತ್ತಲ್ಲ."

ಲೋಟಕ್ಕೆ ನೀರು ತುಂಬಿ ಅವಳ ಬಾಯಿಗೆ ಹಿಡಿದೆ.

ಆಮೇಲೆ ಧ್ವನಿಮುದ್ರಣಗಳ ತಾರೀಕು ನೋಡಿದೆ. ಎಲ್ಲವೂ ಎರಡು ವರ್ಷ ಹಳೆಯವು. ಆಗ ದೊಡ್ಡಮ್ಮನ ಎಡಗೈಯಲ್ಲಿ ಬೇಕಾದಷ್ಟು ಬಲವಿತ್ತು. ಅವಳು ಲೋಟಕ್ಕೆ ಹೊಡೆದರೆ ಬೀದಿಗೆ ಕೇಳುತ್ತಿತ್ತು. ಈಗಿನ ಕೈಯನ್ನು ನಾನು ಪರೀಕ್ಷಿಸಿರಲಿಲ್ಲ. ದಿನವೂ ಬೇರೆಯವರ ಕಿವಿ ಅಳೆಯುವವಳು, ಗೋಡೆಯಾಚೆ ಮಲಗಿದವಳಿಂದ ಹೊಸದಾಗಿ ಮೂರು ಬಡಿತ ಕೇಳಿ ಪಡೆಯಲಿಲ್ಲ. ದೂರು ಓದುವುದಕ್ಕೆ ಪುರುಸೊತ್ತಿತ್ತು.

ಇಲ್ಲಿ ನಾವಿಬ್ಬರಿದ್ದೆವು, ಇವತ್ತಲ್ಲ ನಾಳೆ ಗೊತ್ತಾಗುತ್ತಿತ್ತು. ಕ್ಷಮಿಸಿ ಅಕ್ಕನ ಮನೆಯಲ್ಲಿ? ಹೆಸರು ಗೊತ್ತಿಲ್ಲದ ಉಳಿದ ಮನೆಗಳಲ್ಲಿ? ಮೈಕಿಗೆ ಬಟ್ಟೆ ಅಡ್ಡ ಬಂದಿರಬಹುದು ಎಂದಿದ್ದೆ.

ಮಾರ್ಚ್ 26, ಬುಧವಾರ

ರಜೆ ಹಾಕಿದೆ. ಬೆಳಗ್ಗೆ ಮೊದಲು ಕ್ಷಮಿಸಿ ಅಕ್ಕನಿಗೆ ಬರೆದೆ. 'ತಪ್ಪು ನಿಮ್ಮದಲ್ಲ, ನನ್ನದು. ದಯವಿಟ್ಟು ಠಣ್ ನಂಬಬೇಡಿ. ಯಜಮಾನರ ಹತ್ತಿರವೇ ಇರಿ. ಹೇಗಿದ್ದಾರೆ?' ಉತ್ತರವಿಲ್ಲ.

ಮಿತಿಯನ್ನು ಮೊದಲಿದ್ದಲ್ಲಿಗೆ ಇಳಿಸಿ ಕಳಿಸಿದೆ. ಆ್ಯಪ್ ಅಂಗಡಿಯವರು ಪರಿಶೀಲಿಸಿ ಎಲ್ಲರ ಫೋನಿಗೂ ಮುಟ್ಟಿಸಲು ಕೆಲವು ದಿನ ಬೇಕಂತೆ. ಅಲ್ಲಿಯ ತನಕ ಜನರಿಗೆ ಹೇಳಬೇಕು. ಯಾರಿಗೆ? ಯಾರು ಬಳಸುತ್ತಾರೆ ಎಂಬ ವಿವರ ಇಟ್ಟುಕೊಳ್ಳುವುದಿಲ್ಲ ಎಂದು ಹೆಮ್ಮೆಪಟ್ಟಿದ್ದೆನಲ್ಲ, ಈಗ ಅದೇ ಕುತ್ತಿಗೆಗೆ ಬಂತು. ಸುಮ್ಮನೆ ಬಳಸುವವರಲ್ಲಿ ಒಬ್ಬರ ವಿಳಾಸವೂ ನನ್ನ ಬಳಿ ಇಲ್ಲ. ನನಗೆ ಗೊತ್ತಿರುವವರು ಬೈದವರು ಮಾತ್ರ.

ಗೂಬೆಗೆ ಎಲ್ಲ ಬರೆದೆ, ಕರಾರು ಮುರಿದದ್ದನ್ನೂ ಸೇರಿಸಿ. ಹೇಳಿದ್ನಲ್ಲ ಎನ್ನುತ್ತಾನೆಂದು ಕಾದೆ. ಅವನು ಕೇಳಿದ್ದು ಬೇರೆ:

'ದೊಡ್ಡಮ್ಮ ಹೇಗಿದಾರೆ?'

'ನೀರು ಕುಡೀತಿದಾರೆ.'

'ಸರಿ. ಬೈದವರಿಗೆಲ್ಲ ಬರೀರಿ. ಅವರಿಗಾದ್ರೂ ಓದೋ ಅಭ್ಯಾಸ ಇದೆ.'

'ತಿಂದುಹಾಕ್ತಾರೆ.'

'ತಿಂತಾರೆ. ಅರ್ಧ ನನ್ನ ಕಡೆ ಕಳಿಸಿ.'

ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿದೆ: 'ಈಗಿನ ಆವೃತ್ತಿಗೆ ಮೆತ್ತಗಿನ ಬಡಿತ ಕೇಳಿಸುವುದಿಲ್ಲ. ಮಲಗಿದವರು ಕರೆಯುತ್ತಿರಬಹುದು, ನಿಮಗೆ ಗೊತ್ತಾಗದಿರಬಹುದು. ಈಗಲೇ ಹೋಗಿ ನೋಡಿ. ತಪ್ಪು ನನ್ನದು.' ನಂತರ ಹಳೆಯ ದೂರುಗಳನ್ನು ಒಂದೊಂದಾಗಿ ತೆರೆದು, ಪ್ರತಿಯೊಂದರ ಕೆಳಗೂ ಅದನ್ನೇ ಬರೆದೆ. ಠಣ್ ಬಳಸುವ ಬೇರೆಯವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ ಎಂದೂ ಸೇರಿಸಿದೆ. ಮಾರ್ಚ್ ಮೂರರಂದು ಓದದೆ ಬಿಟ್ಟಿದ್ದ ಮೂರನೆಯ ದೂರನ್ನೂ ತೆರೆಯಬೇಕಾಯಿತು. ಅದರಲ್ಲಿ ಬೈಗುಳವೇ ಇರಲಿಲ್ಲ. ಗುಂಡಿಯ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದಿತ್ತು.

ಬೆಂಕಿಪೊಟ್ಟಣನಿಗೆ ಬರೆಯುವಾಗ ಬೆರಳು ಕಳಿಸುವ ಗುಂಡಿಯ ಮೇಲೆ ನಿಂತುಬಿಟ್ಟಿತು. ಕಣ್ಣು ಮುಚ್ಚಿ ಒತ್ತಿದೆ.

ಮಾರ್ಚ್ 27, ಗುರುವಾರ

ಬಂತು. ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಬಂತು. ಕೊಲೆಗಡುಕಿ ಎಂದಿದ್ದಾರೆ ಒಬ್ಬರು. ಬೆಂಕಿಪೊಟ್ಟಣನದು ಎಲ್ಲಕ್ಕಿಂತ ಉದ್ದ:

'ಮೊದಲು ಸೀನಿದರೂ ಬಡಿದುಕೊಳ್ಳುತ್ತಿತ್ತು, ಈಗ ಸಾಯುತ್ತಿದ್ದರೂ ಕೇಳುವುದಿಲ್ಲ. ನಡುವೆ ಒಂದು ಸ್ಥಿತಿ ಇದೆಯೆಂದು ನಿಮಗೆ ಯಾರೂ ಕಲಿಸಲಿಲ್ಲವೆ? ನಮ್ಮ ಕಟ್ಟಡದಲ್ಲಿ ನಾಲ್ಕು ಮನೆಗೆ ನಾನೇ ಇದನ್ನು ಹಾಕಿಕೊಟ್ಟಿದ್ದೇನೆ. ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಹತ್ತಿ ಇಳಿದು ನಾಲ್ಕೂ ಮನೆಗೆ ಹೇಳಿ ಬಂದೆ. ಮೂರನೆಯ ಮಹಡಿಯ ಅಜ್ಜಿ ಸೋಮವಾರದಿಂದ ಲೋಟ ಬಿಟ್ಟು ಗೋಡೆಗೆ ಗುದ್ದುತ್ತಿದ್ದಾರಂತೆ. ಇದನ್ನು ಪರೀಕ್ಷಿಸುವಾಗ ನಿಜವಾದ ಕಾಯಿಲೆಯವರ ಕೈಯಲ್ಲಿ ಚಮಚ ಕೊಟ್ಟಿದ್ದಿರೋ, ನೀವೇ ಬಡಿದುಕೊಂಡಿರೋ? ನಿಮ್ಮನ್ನು ಕ್ಷಮಿಸಿಲ್ಲ.'

ತಮ್ಮ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಓದಿದ. ಈ ಸಲ ನಗಲಿಲ್ಲ. "ಬಾಯಿ ಕೆಟ್ಟದ್ದು. ಆದ್ರೆ ಮೆಟ್ಟಿಲು ಹತ್ತಿದಾನಲ್ಲ ಅಕ್ಕಾ."

ಹೌದು, ಹತ್ತಿದ್ದಾನೆ. ಅವನು ಕೇಳಿದ ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಂಡೆ.

ಕ್ಷಮಿಸಿ ಅಕ್ಕನಿಂದ ಏನೂ ಇಲ್ಲ.

ಮಾರ್ಚ್ 28, ಶುಕ್ರವಾರ

ಇಲ್ಲ.

ಮಾರ್ಚ್ 30, ಭಾನುವಾರ

ಹಳೆಯ ಮಿತಿಯ ಆವೃತ್ತಿ ಹೊರಟಿತು. ಅದೊಂದರಿಂದ ಮುಗಿಯುವುದಿಲ್ಲ. ಸದ್ದಿನ ಜೋರನ್ನಷ್ಟೇ ನಂಬದೆ ಮೂರು ಬಡಿತಗಳ ನಡುವಿನ ಬಿಡುವನ್ನೂ ಕೇಳಬೇಕು ಎಂದು ಗೂಬೆ ಸೂಚಿಸಿದ್ದಾನೆ. ಅದಕ್ಕೆ ಹೊಸ ಧ್ವನಿಮುದ್ರಣಗಳು ಬೇಕು. ದೊಡ್ಡಮ್ಮನನ್ನು ಕೇಳಿದೆ.

"ಈಗ ನೆನಪಾಯ್ತಾ?" ಎಂದಳು.

ಮಧ್ಯಾಹ್ನವೆಲ್ಲ ಬಡಿದಳು. ಸ್ಟೀಲಿನ ಲೋಟ, ಗಾಜಿನ ಲೋಟ, ನೀರು ತುಂಬಿದ್ದು, ಖಾಲಿಯಾದದ್ದು. ಸುಸ್ತಾದಾಗ ಒಂದಿಷ್ಟು, ಸಿಟ್ಟು ಬಂದಾಗ ಒಂದಿಷ್ಟು. ಸಿಟ್ಟಿನ ಬಡಿತಗಳೇ ಹೆಚ್ಚು ಸಿಕ್ಕವು.

"ಈ ಚಮಚ ಸರಿಯಿಲ್ಲ. ಹಿಡಿ ಜಾರುತ್ತೆ. ಲೋಟ ಇಡೋ ಜಾಗಾನೂ ಸರಿಯಿಲ್ಲ. ಎರಡು ವರ್ಷದಿಂದ ಸರಿಯಿಲ್ಲ."

"ಹೇಳ್ಬೇಕಿತ್ತು ದೊಡ್ಡಮ್ಮ."

"ಪಾಪ ಪುಕ್ಕಟೆ ಮಾಡ್ಕೊಟ್ಟಿದಾಳೆ ಅಂತ ಸುಮ್ಮನಿದ್ದೆ."

ಬಾಗಿಲಲ್ಲಿ ನಿಂತಿದ್ದ ತಮ್ಮ, "ಒಂದು ಸ್ಟಾರ್ ಕೊಟ್ಬಿಡು ದೊಡ್ಡಮ್ಮ," ಎಂದ. ದೊಡ್ಡಮ್ಮ ಚಮಚ ತೋರಿಸಿ ಅವನನ್ನು ಆಚೆ ಅಟ್ಟಿದಳು. ಚಮಚದ ಹಿಡಿಗೆ ಅವನು ದಪ್ಪ ಬಟ್ಟೆ ಸುತ್ತಿ ಹೊಲಿದುಕೊಟ್ಟಿದ್ದಾನೆ.

ಪಕ್ಕದಲ್ಲಿ ಅವಳು ನಗುತ್ತಿದ್ದರೂ ನನಗೆ ನಗಲಾಗುತ್ತಿಲ್ಲ. ಪ್ರತಿ ಟಕ್ ಟಕ್‌ಗೂ ಇನ್ನೊಂದು ಮನೆಯ ಹಾಸಿಗೆ ಕಣ್ಣ ಮುಂದೆ ಬರುತ್ತದೆ. ಆ ಯಜಮಾನರ ಕೈ ಎಷ್ಟು ಮೆತ್ತಗಿದೆಯೋ. ಅವರು ಕರೆದು ಕರೆದು ಯಾರ ಬೇಜಾರೆಂದು ತಿಳಿದುಕೊಂಡರೋ.

ಏಪ್ರಿಲ್ 2, ಬುಧವಾರ

ಹೊಸ ಆವೃತ್ತಿಯನ್ನು ಗೂಬೆ ಎರಡು ದಿನ ನೋಡಿದ. ನಾನು ಕಾದೆ. ಅವನು ಒಪ್ಪಿದ ಮೇಲೆ ಬಿಟ್ಟೆ. ಮೊದಲಿಗಿಂತ ಸೂಕ್ಷ್ಮ, ಹಾಗಾಗಿ ಸುಳ್ಳು ಕರೆಗಳೂ ಇರುತ್ತವೆ. ಅದನ್ನು ಪುಟದಲ್ಲಿ ಮೊದಲೇ ಬರೆದಿದ್ದೇನೆ: ಇದು ಕೆಲವೊಮ್ಮೆ ಸುಮ್ಮನೆ ಓಡಿಸುತ್ತದೆ, ಬಯ್ಯಬೇಕೆನಿಸಿದರೆ ಬಯ್ಯಿರಿ, ಆದರೆ ಯಾವ ಸದ್ದಿಗೆ ಹೊಡೆದುಕೊಂಡಿತು ಎಂದು ಜೊತೆಗೆ ತಿಳಿಸಿ.

ಕ್ಷಮಿಸಿ ಅಕ್ಕನ ಪುಟವನ್ನು ಮತ್ತೆ ತೆರೆದೆ. 'ಪರಿಹರಿಸಲಾಗಿದೆ' ಎಂಬ ಗುರುತು ತೆಗೆದೆ. ಕೆಳಗೆ ನಾನು ಬರೆದವೇ ನಾಲ್ಕು ಸಾಲು, ಒಂದರ ಕೆಳಗೊಂದು. ಐದನೆಯದನ್ನು ಬರೆಯಲು ಹೋಗಿ ಬಿಟ್ಟೆ. ಮನೆಯಲ್ಲಿ ಏನಾಗಿದೆಯೋ, ಆ ಹೊತ್ತಿಗೆ ನನ್ನ ಸಂದೇಶ ಯಾಕೆ.

ಏಪ್ರಿಲ್ 5, ಶನಿವಾರ

ಬ್ರೆಡ್ ತಿನ್ನುತ್ತ ದೂರುಗಳನ್ನು ನೋಡಿದೆ. ಪಾತ್ರೆ ತೊಳೆಯುವ ಸದ್ದಿನದು ಹೆಚ್ಚು, ಬಾಗಿಲ ಚಿಲಕದ್ದು ಆಮೇಲೆ. ಒಬ್ಬರ ಮನೆಯಲ್ಲಿ ಗಡಿಯಾರ ಮೂರು ಹೊಡೆದಾಗಲೆಲ್ಲ ಕರೆ ಹೋಗುತ್ತದಂತೆ. ಇದು ನನಗೆ ಹೊಳೆದೇ ಇರಲಿಲ್ಲ. ಬೆಂಕಿಪೊಟ್ಟಣ ಮೂರನೆಯ ಮಹಡಿಯ ಅಜ್ಜಿಯ ಬಡಿತವನ್ನು ಮುದ್ರಿಸಿ ಕಳಿಸಿದ್ದಾನೆ, ಗೊಣಗಾಟದ ಜೊತೆ. ಅಜ್ಜಿಯ ಮೂರನೆಯ ಬಡಿತ ಸ್ವಲ್ಪ ತಡವಾಗಿ ಬೀಳುತ್ತದೆ. ಅದನ್ನೂ ಹಿಡಿಯುವಂತೆ ಮಾಡಬೇಕು. ಅವನ ಸೀನಿನ ಸದ್ದನ್ನೂ ಕಳಿಸಿದರೆ ಒಳ್ಳೆಯದು ಎಂದು ಬರೆದೆ. ತಮಾಷೆಗಲ್ಲ, ನಿಜವಾಗಿ ಬೇಕು.

"ಬ್ರೆಡ್ಡಿಗೆ ಜಾಮ್ ಬದಲು ಬೈಗುಳ ಸವರಿಕೊಂಡಿದೀಯಾ?" ಎಂದ ತಮ್ಮ. ಏನು ಹೇಳುತ್ತಿದ್ದಾನೆಂದು ತಿಳಿಯಲಿಲ್ಲ. ಗಡಿಯಾರದ ಸದ್ದನ್ನು ಹೇಗೆ ಬೇರ್ಪಡಿಸುವುದೆಂದು ಯೋಚಿಸುತ್ತಿದ್ದೆ.

ಕ್ಷಮಿಸಿ ಅಕ್ಕ ಇಲ್ಲ. ಇವತ್ತೂ ನೋಡಿದೆ. ಉಳಿದ ದೂರುಗಳನ್ನೆಲ್ಲ ತಿನ್ನುತ್ತಲೇ ಓದಿದೆ, ಆ ಖಾಲಿ ಜಾಗ ನೋಡುವಾಗ ಮಾತ್ರ ತಟ್ಟೆ ಪಕ್ಕಕ್ಕಿಟ್ಟೆ.

ಏಪ್ರಿಲ್ 8, ಮಂಗಳವಾರ

ಸಂಜೆ ಬಸ್ಸಿನಲ್ಲಿದ್ದಾಗ ಬಂತು. ಕ್ಷಮಿಸಿ ಅಕ್ಕನ ಖಾತೆಯ ಹೆಸರು ಕಂಡ ಕೂಡಲೇ ಫೋನು ಮುಚ್ಚಿಬಿಟ್ಟೆ. ಮನೆ ಬರುವ ತನಕ ತೆರೆಯಲಿಲ್ಲ. ಚಪ್ಪಲಿಯಲ್ಲೇ ಹಿಂದಿನ ಕೋಣೆಗೆ ಹೋಗಿ ದೊಡ್ಡಮ್ಮನ ಹಾಸಿಗೆಯ ಅಂಚಿನಲ್ಲಿ ಕೂತೆ.

"ಏನೇ? ಯಾಕೆ ಹೀಗಿದೀಯ?"

"ಆ ಹೆಂಗಸು ಬರ್ದಿದಾರೆ. ಯಜಮಾನರು ಹಾಸಿಗೆ ಹಿಡಿದಿದ್ದವರು."

"ಓದು."

"ಆಗ್ತಿಲ್ಲ ದೊಡ್ಡಮ್ಮ."

"ಗಟ್ಟಿಯಾಗಿ ಓದು. ನಾನಿದೀನಿ."

ಓದಿದೆ.

'ನಿಮ್ಮ ಸಂದೇಶಗಳನ್ನು ಈಗ ನೋಡಿದೆ. ಕಳೆದ ತಿಂಗಳು ಇವರು ಕರೆದು ಕರೆದು ಸಾಕಾಗಿ ತಾವೇ ಏಳಲು ಹೋಗಿ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದೆವು. ಶುಕ್ರವಾರ ಮನೆಗೆ ಬಂದೆವು. ತಪ್ಪು ನನ್ನದೆಂದು ಇಷ್ಟು ದಿನ ಅತ್ತಿದ್ದೇನೆ. ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟಿದೆ. ಈಗ ಹೊಸದು ಹಾಕಿಕೊಂಡೆ.'

ಪರದೆ ಸರಿಸಿ ಮುಂದೆ ಓದಿದೆ.

'ಇದೋ ಶನಿ ಹಿಡಿದ ಹಾಗೆ ಹೊಡೆದುಕೊಳ್ಳುತ್ತದೆ. ತಟ್ಟೆ ಇಟ್ಟರೆ ಓಡಬೇಕು, ಕತ್ತರಿ ಇಟ್ಟರೆ ಓಡಬೇಕು. ಇವತ್ತು ಐದು ಸಲ ಸುಮ್ಮನೆ ಓಡಿದೆ, ನನ್ನ ಮಂಡಿ ಹೋಯಿತು. ನಾನು ಏದುಸಿರು ಬಿಡುತ್ತ ಬರುವುದನ್ನು ನೋಡಿ ಇವರಿಗೆ ನಗು. ನಗುವವರನ್ನು ಏನು ಮಾಡಲಿ? ಬೇಗ ಸರಿ ಮಾಡಿ.'

ಕ್ಷಮಿಸಿ ಎಂಬ ಪದ ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಒಂದೇ ಒಂದು ಸ್ಟಾರ್ ಇತ್ತು.

ದೊಡ್ಡಮ್ಮ ಎಡಗೈಯನ್ನು ನನ್ನ ತೋಳಿನ ಮೇಲಿಟ್ಟಳು. "ನಗ್ತಾರಂತಾ?"

"ಹೂಂ. ನಗ್ತಾರಂತೆ."

"ಶನಿ ಅಂದ್ಲಾ?"

"ಅಂದ್ಲು."

"ಲೈನಿದೆ ಹಾಗಾದ್ರೆ," ಎಂದಳು ದೊಡ್ಡಮ್ಮ. "ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ. ಸೊಂಟದ ವಾಕ್ಯವನ್ನೂ ಹಾರಿಸಲಿಲ್ಲ. ಆಮೇಲೆ ಅಲ್ಲೇ ಕೂತು ಉತ್ತರ ಬರೆದೆ: ಕತ್ತರಿ ಇಟ್ಟದ್ದು ಮರದ ಮೇಜಿನ ಮೇಲೋ ಕಲ್ಲಿನ ಮೇಲೋ?